ಯಾವ ಕ್ಯಾಲ್ಕ್ಯುಲಸ್ ತೆಗೆದುಕೊಳ್ಳಲಿ, ಅಮ್ಮಾ?

(ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹಬ್ಬ, ಆರೋಗ್ಯದ ಮಾತು ನಡೆಯುವ ಈ ಕೂಟದಲ್ಲಿ ಗಣಿತವೇ ಎಂದು ಕೆಲವರು ನಕ್ಕಿರಬಹುದು. ನಾನು ಮುಂಬಯಿಯ ಕಾಲೇಜೊಂದರಲ್ಲಿ ಗಣಿತ ಕಲಿಸಿದವಳು. ಹನ್ನೆರಡನೇ ಮುಗಿಸಿ ಅಮೆರಿಕಕ್ಕೆ ಪದವಿ ಓದಲು ಹೊರಟ ಮಕ್ಕಳ ತಾಯಂದಿರು ಪ್ರತಿ ಬೇಸಿಗೆಯಲ್ಲೂ ಫೋನ್ ಮಾಡುತ್ತಾರೆ: "ಮೇಡಂ, ಮಗಳು ಯಾವ ಕ್ಯಾಲ್ಕ್ಯುಲಸ್ ಹಾಕ್ಕೊಳ್ಳಲಿ ಅಂತ ಕೇಳ್ತಿದ್ದಾಳೆ, ಏನು ಹೇಳಲಿ?"

ನಮ್ಮ ಕಾಲದಲ್ಲಿ ವಿಶ್ವವಿದ್ಯಾಲಯ ಕೊಟ್ಟ ಪತ್ರಿಕೆಯನ್ನು ಓದಿದರಾಯಿತು. ಅಲ್ಲಿ ಹಲವು ಬಾಗಿಲುಗಳಿವೆ. ತಳಪಾಯ ಸಾಲದವರಿಗೆ ಪ್ರಿ-ಕ್ಯಾಲ್ಕ್ಯುಲಸ್. ಖರ್ಚು, ಲಾಭದ ಉದಾಹರಣೆಗಳಿಂದ ಕಲಿಸುವ, ಸಾಮಾನ್ಯವಾಗಿ ತ್ರಿಕೋಣಮಿತಿ ಇಲ್ಲದ ಬಿಸಿನೆಸ್ ಕ್ಯಾಲ್ಕ್ಯುಲಸ್. ಆಮೇಲೆ ಕ್ಯಾಲ್ಕ್ಯುಲಸ್ 1, 2, 3 ಎಂಬ ಸಾಲು.

ಯಾವುದು ಸುಲಭ ಎಂದು ಕೇಳಬೇಡಿ, ಅದರ ನಂತರ ಏನು ಓದಬೇಕಾಗಿದೆ ಎಂದು ಕೇಳಿ. ಎಂಜಿನಿಯರಿಂಗ್, ಭೌತಶಾಸ್ತ್ರ, ಗಣಿತಕ್ಕೆ ಬಿಸಿನೆಸ್ ಕ್ಯಾಲ್ಕ್ಯುಲಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಎರಡನೇ ವರ್ಷ ಮನಸ್ಸು ಬದಲಾದರೆ ಮತ್ತೆ ಕ್ಯಾಲ್ಕ್ಯುಲಸ್ 1ರಿಂದಲೇ ಶುರು, ಫೀಸು ಡಾಲರಿನಲ್ಲಿ!

ಇದನ್ನು ಹೆಣ್ಣುಮಕ್ಕಳ ತಾಯಂದಿರಿಗೆ ಒತ್ತಿ ಹೇಳುತ್ತೇನೆ. ಇಲ್ಲಿ ಕಾಮರ್ಸ್‌ನಲ್ಲಿ ಗಣಿತವೋ ಎಸ್‌ಪಿಯೋ ಎಂದಾಗ "ಹುಡುಗಿಗೆ ಯಾಕೆ ಕಷ್ಟ" ಎನ್ನುವ ಮನೆಗಳನ್ನು ಬಹಳ ನೋಡಿದ್ದೇನೆ. ಅದೇ ಮಾತು ವಿಮಾನ ಹತ್ತಿ ಅಲ್ಲಿಗೂ ಹೋಗುತ್ತದೆ. ನನಗೆ ಗೊತ್ತಿರುವ ಒಬ್ಬಳು ಅರ್ಥಶಾಸ್ತ್ರ ಓದಲು ಹೊರಟಿದ್ದಳು. ಮನೆಯವರು ಬಿಸಿನೆಸ್ ಕ್ಯಾಲ್ಕ್ಯುಲಸ್ ಸಾಕೆಂದರು. ಆ ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಪುಟ ತೆರೆದರೆ, ಮೇಲಿನ ಕೋರ್ಸುಗಳಿಗೆ ಕ್ಯಾಲ್ಕ್ಯುಲಸ್ 1 ಕಡ್ಡಾಯ. ಕಾಮರ್ಸ್ ಓದಿದವಳಿಗೆ ಸೈನ್, ಕಾಸ್ ಬಳಕೆ ತಪ್ಪಿಹೋಗಿತ್ತು. ಆರು ವಾರ ಅದನ್ನೇ ಮಾಡಿಸಿದೆ. ಅವಳು ಕ್ಯಾಲ್ಕ್ಯುಲಸ್ 1ಕ್ಕೇ ಸೇರಿದಳು.

ಸೈನ್ಸ್ ಮಕ್ಕಳ ಕಥೆ ತಿರುಗಾಮುರುಗಾ. "ಎಲ್ಲಾ ಮಾಡಿದ್ದೀನಿ" ಎನ್ನುತ್ತಾರೆ. ಅರ್ಧ ನಿಜ. ನಮ್ಮ ಹನ್ನೆರಡನೇಯ ಅವಕಲನ, ಅನುಕಲನ ಅವರ ಮೊದಲ ಸೆಮಿಸ್ಟರನ್ನು ದಾಟಿ ಎರಡನೆಯದಕ್ಕೂ ಕಾಲಿಡುತ್ತದೆ. ಆದರೆ ಅನಂತ ಶ್ರೇಣಿ ಯಾವಾಗ ಒಂದು ಮೊತ್ತಕ್ಕೆ ನಿಲ್ಲುತ್ತದೆ ಎಂಬ ಪರೀಕ್ಷೆಗಳು, ಟೇಲರ್ ಶ್ರೇಣಿ, ಇವು ಕ್ಯಾಲ್ಕ್ಯುಲಸ್ 2ರಲ್ಲಿ ಬರುತ್ತವೆ, ನಮ್ಮ ಪಠ್ಯದಲ್ಲಿಲ್ಲ. ಮೊದಲ ವಾರಗಳು ಹಳೆಯ ಪಾಠವೆಂದು ಕ್ಲಾಸಿಗೆ ಹೋಗದ ಹುಡುಗ ಅಲ್ಲಿ ಮುಗ್ಗರಿಸುತ್ತಾನೆ. ನೇರ 3ಕ್ಕೆ ಹಾರುವವರಂತೂ ಶ್ರೇಣಿಯನ್ನು ಮನೆಯಲ್ಲೇ ಓದಿಕೊಂಡು ಹೋಗಲಿ. ಎಂಐಟಿಯಲ್ಲಿ ಶಾಲೆಯಲ್ಲೇ ಕ್ಯಾಲ್ಕ್ಯುಲಸ್ ಓದಿದವರಿಗಾಗಿ ಬೇಗ ಮುಗಿಸುವ 18.01ಎ ಎಂಬ ಕೋರ್ಸೇ ಇದೆ. ಅಂದರೆ ಗೊತ್ತಿದ್ದವರಿಗೂ ಬಿಟ್ಟದ್ದನ್ನು ತುಂಬಿಸಿಯೇ ಮುಂದೆ ಕಳಿಸುತ್ತಾರೆ.

ಪ್ಲೇಸ್‌ಮೆಂಟ್ ಟೆಸ್ಟ್ ಎಷ್ಟೋ ಕಡೆ ಆನ್‌ಲೈನ್. ದಯವಿಟ್ಟು ಅಣ್ಣನನ್ನು ಪಕ್ಕದಲ್ಲಿ ಕೂರಿಸಬೇಡಿ. ಅಣ್ಣ ತೆಗೆದ ಅಂಕಕ್ಕೆ ತಂಗಿ ಅಕ್ಟೋಬರಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ಸ್ಕಾಲರ್‌ಶಿಪ್ಪಿಗೆ ಇಷ್ಟು ಜಿಪಿಎ ಬೇಕೆಂಬ ಷರತ್ತಿದ್ದರೆ ಒಂದು ಕೆಟ್ಟ ಗ್ರೇಡೂ ದುಬಾರಿ. ಸೇರಿದ ಮೇಲೆ ಕೋರ್ಸ್ ಬದಲಿಸಲು ಸಾಮಾನ್ಯವಾಗಿ ಒಂದೆರಡು ವಾರ ಸಮಯವಿರುತ್ತದೆ. ಆ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲೂ ಬರೆದಿಡಿ.

ಹೊರಡುವ ಮೊದಲು ಒಂದು ಕೆಲಸ. ಹಲವು ವಿಭಾಗಗಳು ಹಳೆಯ ಫೈನಲ್ ಪರೀಕ್ಷೆಗಳನ್ನು ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಬಿಡಬೇಕೆಂದಿರುವ ಕೋರ್ಸಿನ ಪತ್ರಿಕೆಯನ್ನು ಗಡಿಯಾರ ಇಟ್ಟು, ಪುಸ್ತಕ ಮುಚ್ಚಿ ಬರೆಯಲಿ. ತಿದ್ದಲು ಯಾರೂ ಇಲ್ಲದಿದ್ದರೆ ಶನಿವಾರ ಸಂಜೆ ನಮ್ಮ ಮನೆಗೆ ಕಳಿಸಿ.