ಗುಂಪಿನ ಮುಕ್ಕಾಲು ಭಾಗ



12 ಹುಣಸೆಬೀಜಗಳನ್ನು ಕೊಟ್ಟು ಅವುಗಳ ನಾಲ್ಕನೇ ಒಂದು ಭಾಗವನ್ನು ಕೇಳಿದರೆ ಎಷ್ಟೋ ಮಕ್ಕಳು 4 ಬೀಜಗಳನ್ನು ಎತ್ತಿಕೊಡುತ್ತಾರೆ. ಇದು ಅಲಕ್ಷ್ಯವಲ್ಲ. ರೊಟ್ಟಿಯನ್ನು ಮುರಿದಾಗ ಭಾಗವು ಕಣ್ಣಿಗೆ ಕಾಣುತ್ತದೆ; ಗುಂಪಿನಲ್ಲಾದರೋ ಪ್ರತಿಯೊಂದು ಬೀಜವೂ ತಾನೇ ಒಂದು ಇಡಿ. ಹನ್ನೆರಡೂ ಸೇರಿ ‘ಒಂದು’ ಎಂಬುದು ಮಗುವಿಗೆ ಸುಲಭವಾಗಿ ಹೊಳೆಯುವುದಿಲ್ಲ. ಆದ್ದರಿಂದ ಮೊದಲು ಬೀಜಗಳ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಬೇಕು. ಗೆರೆಯೊಳಗಿನದೆಲ್ಲವೂ ಒಂದು ಇಡಿ. ಬಳಿಕ 4 ಎಲೆಗಳನ್ನಿಟ್ಟು ಬೀಜಗಳನ್ನು ಒಂದೊಂದಾಗಿ, ಸರದಿಯಂತೆ ಮಗುವೇ ಹಂಚಲಿ. ಒಂದು ಎಲೆಯ ಪಾಲಾದ 3 ಬೀಜಗಳೇ ಕಾಲುಭಾಗ. ಛೇದವು ಎಲೆಗಳ ಸಂಖ್ಯೆಯೇ ಹೊರತು ಬೀಜಗಳ ಸಂಖ್ಯೆಯಲ್ಲ; ಮಕ್ಕಳು ಎಡವುವುದು ಇಲ್ಲಿಯೇ.

ಮುಂದಿನ ಹೆಜ್ಜೆಗೆ ಭಾಷೆಯೇ ನೆರವಾಗುತ್ತದೆ. ಮುಕ್ಕಾಲು ಎಂದರೆ ಮೂರು ಕಾಲು. ಮೂರು ಎಲೆಗಳ ಬೀಜಗಳನ್ನು ಕೂಡಿಸಿದರೆ 9. ಕಾಸರಗೋಡಿನ ಮಗು ಮಲಯಾಳದಲ್ಲಿಯೂ ತಾಳವಾಡಿಯ ಮಗು ತಮಿಳಿನಲ್ಲಿಯೂ ‘ಕಾಲ್’, ‘ಮುಕ್ಕಾಲ್’ ಎಂಬುದನ್ನೇ ಕೇಳುತ್ತದೆ. ಅಕ್ಕಲಕೋಟೆಯ ಸಂತೆಯಲ್ಲಿ ಕಿವಿಗೆ ಬೀಳುವುದು ಮರಾಠಿಯ ‘ಪಾವ್’. ಅಲ್ಲಿ ಆ ಪದದಿಂದಲೇ ಆರಂಭಿಸಿ ‘ಕಾಲು’ ಎಂಬಲ್ಲಿಗೆ ಬರುವುದು ತಪ್ಪೇನಲ್ಲ. 3/4 ಎಂಬ ಬರಹ ಇಷ್ಟಾದ ಮೇಲೆ ಬಂದರೆ ಸಾಕು.

ಕೊನೆಗೆ ಹದಿಮೂರನೆಯ ಬೀಜವೊಂದನ್ನು ಗೆರೆಯೊಳಗೆ ಇಡಬಹುದು. ಉಳಿಯುವ ಆ ಒಂದನ್ನು ಒಡೆಯಬೇಕೇ, ಬಿಡಬೇಕೇ ಎಂಬುದನ್ನು ಮಕ್ಕಳೇ ಚರ್ಚಿಸಲಿ.