ಬಿಸಿಲನ್ನು ದುಡಿಸುವ ಕೈಗಳು

ಬಿಸಿಲು ಯಾರೊಬ್ಬರ ಸೊತ್ತೂ ಅಲ್ಲ. ಅದಕ್ಕೆ ಕ್ರಯವೂ ಇಲ್ಲ. ಆದರೆ ಬಿಸಿಲನ್ನು ವಿದ್ಯುತ್ತಾಗಿಸುವ ಕೈಗಳು ಬಿಟ್ಟಿಯಾಗಿ ಸಿದ್ಧವಾಗುವುದಿಲ್ಲ. ಆ ಕೈಗಳನ್ನು ಪಳಗಿಸುವ ವೆಚ್ಚವನ್ನು ಯಾರು ಹೊರಬೇಕು, ಹೇಗೆ ಹೊರಬೇಕು ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ತುಮಕೂರು ಜಿಲ್ಲೆಯ ಪಾವಗಡ ಬರಕ್ಕೆ ಹೆಸರಾದ ಸೀಮೆ. ಅಲ್ಲಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಸ್ಥಾವರ ಎದ್ದು ನಿಂತಿದೆ. ಅದರ ಉದ್ಘಾಟನೆ ನಡೆದದ್ದು 2018ರಲ್ಲಿ. ರೈತರಿಂದ ನೆಲವನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ನೆಲವುಳ್ಳವನಿಗೆ ಹೀಗೆ ವರಮಾನವೊಂದು ಖಚಿತವಾಯಿತು. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಯವನಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಇಂಥ ಸ್ಥಾವರವನ್ನು ಕಟ್ಟುವಾಗ ನೂರಾರು ಆಳು ಬೇಕು. ಕಟ್ಟಿದ ಮೇಲೆ ನಡೆಸುವುದಕ್ಕೆ ಕೆಲವರೇ ಸಾಕು. ಕಲಿಯದವನ ಪಾಲಿಗೆ ಉಳಿಯುವುದು ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ.

ಈ ವಿದ್ಯೆಯಾದರೂ ನೋಡಿ ಕಲಿತುಬಿಡುವಂಥದ್ದಲ್ಲ. ಮನೆಯ ದೀಪವನ್ನು ಗುಂಡಿ ಒತ್ತಿ ಆರಿಸಬಹುದು. ಬಿಸಿಲಿರುವಷ್ಟು ಹೊತ್ತು ಸೌರ ಫಲಕದ ತಂತಿಯಲ್ಲಿ ಒತ್ತಡವಿದ್ದೇ ಇರುತ್ತದೆ. ಅಲ್ಲಿ ಹರಿಯುವುದು ಏಕಮುಖ ವಿದ್ಯುತ್ತು. ಜೋಡಣೆ ಸಡಿಲವಾಗಿ ಕಿಡಿ ಹೊತ್ತಿಕೊಂಡರೆ ಅದು ತಾನಾಗಿ ನಂದುವುದು ಕಷ್ಟ. ಸೂರಿಗೇ ಬೆಂಕಿ ತಗುಲೀತು. ಒಂದು ಫಲಕದ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಅದರೊಡನೆ ಸಾಲಾಗಿ ಜೋಡಿಸಿದ ಫಲಕಗಳ ಉತ್ಪಾದನೆ ಕುಗ್ಗಬಹುದು. ಇವನ್ನೆಲ್ಲ ಅರಿತ ಕೆಲಸಗಾರರು ಇನ್ನು ಮುಂದೆ ಊರೂರಿಗೂ ಬೇಕು. ಏಕೆಂದರೆ ಒಂದು ಕೋಟಿ ಮನೆಗಳ ಮಾಳಿಗೆಗೆ ಫಲಕ ಹೊದಿಸುವ 75,021 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿದೆ.

ತರಬೇತಿಗೆ ಸರ್ಕಾರ ಹಣವನ್ನೇ ಕೊಟ್ಟಿಲ್ಲವೆಂದರೆ ಅನ್ಯಾಯವಾದೀತು. 2015ರಲ್ಲಿ ಆರಂಭವಾದ ‘ಸೂರ್ಯಮಿತ್ರ’ ಯೋಜನೆಯಲ್ಲಿ ಊಟ ವಸತಿಗಳೊಡನೆ 600 ಗಂಟೆಗಳ ಶಿಕ್ಷಣ ಉಚಿತವಾಗಿತ್ತು. 50,000 ಮಂದಿಯನ್ನು ಸಿದ್ಧಗೊಳಿಸುವ ಗುರಿಯಿತ್ತು. ಉದ್ದೇಶ ಸ್ತುತ್ಯವಾದದ್ದೇ. ಆದರೆ ಹತ್ತನೆಯ ತರಗತಿಯ ಜೊತೆಗೆ ಐ.ಟಿ.ಐ. ಪ್ರಮಾಣಪತ್ರವನ್ನೂ ಕೇಳಿದಾಗ, ಕೂಲಿಯವನ ಮಗ ಹೊಸ್ತಿಲಿನಾಚೆಯೇ ಉಳಿಯುವ ಸಂಭವ ಹೆಚ್ಚು. ಒಳಗೆ ಬಂದವನಿಗೂ ಇನ್ನೊಂದು ತೊಡಕುಂಟು. ಅವನ ಊಟದ ಚಿಂತೆ ತೀರಿತು, ನಿಜ. ಅವನ ದುಡಿಮೆಯನ್ನು ನಂಬಿದ ಮನೆಯವರ ಮೂರು ತಿಂಗಳ ಊಟದ ಗತಿಯೇನು? ಬಡವನಿಗೆ ಕಲಿಕೆಯ ಶುಲ್ಕಕ್ಕಿಂತ ಕಲಿಯುವ ಕಾಲದ ಬೆಲೆಯೇ ದೊಡ್ಡದು. ಈ ಲೆಕ್ಕವನ್ನು ನಮ್ಮ ಆಯವ್ಯಯ ಪತ್ರಗಳು ಇನ್ನಾದರೂ ಬರೆದುಕೊಳ್ಳಬೇಕೆಂಬುದೇ ನನ್ನ ವಾದ.

ಆದುದರಿಂದ ಹಣವನ್ನು ತಲೆಯೆಣಿಸಿ ತರಬೇತಿ ಕೇಂದ್ರಕ್ಕೆ ಸಲ್ಲಿಸಿದರೆ ಸಾಲದು. ಕಲಿಯುವಾತನ ಕೈಗೆ ತಿಂಗಳ ಭತ್ಯೆ ಬರಬೇಕು; ಕಲಿತ ಮೇಲೆ ಅಳತೆಯ ಮೀಟರು, ಸುರಕ್ಷೆಯ ಪಟ್ಟಿಗಳುಳ್ಳ ಸಲಕರಣೆಯ ಚೀಲ ಸಿಗಬೇಕು; ಕೆಲಸದಲ್ಲಿ ಆರು ತಿಂಗಳು ನಿಂತನೆಂದು ಖಚಿತವಾದ ಮೇಲೆಯೇ ಕೇಂದ್ರಕ್ಕೆ ಕೊನೆಯ ಕಂತು ಸಲ್ಲಬೇಕು. ಭತ್ಯೆಯ ಮಾತು ಹೊಸದೇನಲ್ಲ. ಅಪ್ರೆಂಟಿಸರಿಗೆ ಭತ್ಯೆ ಕೊಡಬೇಕೆಂದು 1961ರ ಕಾಯಿದೆಯೇ ವಿಧಿಸಿದೆ. ಕಂಪನಿಗಳ ಪಾಲೂ ಇದರಲ್ಲಿ ಸೇರಬಹುದು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸಮಾಜಕಾರ್ಯಕ್ಕೆಂದು ತೆಗೆದಿಡುವ ಲಾಭದ ಶೇಕಡ 2ರಷ್ಟು ಹಣವನ್ನು ವೃತ್ತಿ ಕೌಶಲ್ಯಕ್ಕೂ ವಿನಿಯೋಗಿಸಲು ಅವಕಾಶವಿದೆ.

ನಮ್ಮ ನಾಡಿಗೆ ಈ ವಿಷಯದಲ್ಲಿ ಒಳ್ಳೆಯ ಮೇಲ್ಪಂಕ್ತಿಯೊಂದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಾವಿಟ್ಟುಕೊಳ್ಳದೆ, ಬೆಂಗಳೂರಿನಲ್ಲಿ ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. ಉದ್ಯಮದಿಂದ ಹುಟ್ಟಿದ ಹಣ ಉದ್ಯಮಕ್ಕೆ ಬೇಕಾದ ಕೈಗಳನ್ನು ಬೆಳೆಸಲೆಂಬುದೇ ಅದರ ಇಂಗಿತವಲ್ಲವೆ?

ಪಾವಗಡದ ಬಿಸಿಲು ದೂರದ ನಗರಗಳಲ್ಲಿ ದೀಪವಾಗುತ್ತಿದೆ, ಆಗಲಿ. ಆ ಬಿಸಿಲಿನಡಿಯಲ್ಲೇ ಹುಟ್ಟಿ ಬೆಳೆದ ಹುಡುಗನೋ ಹುಡುಗಿಯೋ ಫಲಕದ ಧೂಳೊರೆಸುವ ಕೂಲಿಯಾಗಿ ಉಳಿಯದೆ, ಅದರ ದೋಷ ಕಂಡುಹಿಡಿಯುವ ಕುಶಲಿಯಾದ ದಿನ ಆ ಬೆಳಕಿನ ಋಣ ಒಂದಿಷ್ಟು ತೀರಿತೆಂದು ನಾವು ಹೇಳಿಕೊಳ್ಳಬಹುದು.