ಸಮುದ್ರದಾಚೆಗೆ ಸ್ವಂತ ಕಾರು
(ಸಂಘದ ಸದಸ್ಯರ ಸಂಜೆಕೂಟದಲ್ಲಿ ಮಾಡಿದ ಭಾಷಣ)



ಪ್ರವಾಸದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ದೇಶ ಸುತ್ತಿದವರಲ್ಲ. ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಗುಮಾಸ್ತೆಗಿರಿ. ಆದರೆ ಸ್ವಂತ ಕಾರನ್ನು, ಅದರಲ್ಲೂ ಸ್ಪೋರ್ಟ್ಸ್ ಕಾರನ್ನು, ಕಡಲಾಚೆ ಒಯ್ದು ಸಾವಿರಾರು ಮೈಲಿ ಓಡಿಸಿ ಮರಳಿ ತರುವ ಸಾಹಸಕ್ಕೆ ಒಂದು ಕಾಗದದ ಮುಖವುಂಟು. ಆ ಮುಖವನ್ನು ನಾವು ಮೇಜಿನ ಈಚೆ ಬದಿಯಲ್ಲಿ ಕುಳಿತು ಕಂಡಿದ್ದೇವೆ. ಅಷ್ಟನ್ನು ಹೇಳಿ ಕುಳಿತುಕೊಳ್ಳುತ್ತೇವೆ.

ಕಾರು ಗಡಿ ದಾಟುವ ಕಷ್ಟ ನಮ್ಮ ಜನಕ್ಕೆ ಹೊಸದಲ್ಲ. ಬೆಳಗಾವಿ ದಾಟಿ ನಿಪ್ಪಾಣಿಯಾಚೆ ಬಂದ ಕೂಡಲೆ ಕೆಎ ಎಂಬ ಎರಡು ಅಕ್ಷರ ಹೇಗೆ ಭಾರವಾಗುತ್ತವೆಂದು ಇಲ್ಲಿ ಕುಳಿತ ಎಷ್ಟೋ ಮಂದಿ ಬಲ್ಲರು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. ಊರಿನ ಕಚೇರಿಯಿಂದ ನಿರಾಕ್ಷೇಪಣ ಪತ್ರ ತರುವಷ್ಟರಲ್ಲಿ ಕಾರಿನ ಟೈರಿಗಿಂತ ನಮ್ಮ ಚಪ್ಪಲಿಯೇ ಹೆಚ್ಚು ಸವೆದಿರುತ್ತದೆ. ಒಂದೇ ದೇಶದೊಳಗೆ ಹೀಗಾದರೆ, ಹತ್ತು ದೇಶಗಳ ಗಡಿ ದಾಟುವ ಕಾರಿನ ಪಾಡು ಹೇಗಿರಬೇಡ!

ಒಂದು ಕಾಲದಲ್ಲಿ ಈ ದಾರಿ ತೆರೆದಿತ್ತು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ನೆಲದ ಮೇಲೆಯೇ ಬಸ್ಸೊಂದು ಬಂದಿತ್ತೆಂದರೆ ಈಗಿನ ಹುಡುಗರು ನಂಬಲಾರರು. 1968ರದಂತೂ ನಮ್ಮ ಮುಂಬಯಿಗೇ ಸೇರಿದ ಕಥೆ. ಆ ವರ್ಷದ ನವೆಂಬರ್ 24ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಿಂದ 98 ಕಾರುಗಳು ಸಿಡ್ನಿಯ ಕಡೆಗೆ ಹೊರಟವು. ಪ್ಯಾರಿಸ್, ಟ್ಯೂರಿನ್, ಬೆಲ್‌ಗ್ರೇಡ್, ಇಸ್ತಾಂಬುಲ್, ತೆಹರಾನ್, ಕಾಬೂಲ್, ದಿಲ್ಲಿ, ಅಲ್ಲಿಂದ ಬೊಂಬಾಯಿ. ಇಷ್ಟಕ್ಕೆ ಸುಮಾರು ಒಂದು ವಾರ. ತುರ್ಕಿಯ ಸಿವಾಸದಿಂದ ಎರ್ಜಿಂಜಾನದವರೆಗಿನ ಬೆಟ್ಟದ ಹಾದಿ, ಕಾಬೂಲಿನ ಆಚೆ ಲಟಾಬಂದ್ ಕಣಿವೆಯ ಹಳೆಯ ಹಾದಿ, ಇವು ಕಾರುಗಳ ಎಲುಬನ್ನು ಪರೀಕ್ಷಿಸಿದವು. ದಿಲ್ಲಿಯಿಂದ ಈಚೆಗೆ ರಸ್ತೆಯ ಎರಡೂ ಬದಿಗೆ ಜಾತ್ರೆಯಂತೆ ಜನ. ಬಂದು ಮುಟ್ಟಿದ ಕಾರುಗಳಲ್ಲಿ 72ನ್ನು ಇಲ್ಲಿಯ ಬಂದರಿನಲ್ಲಿ 'ಚುಸಾನ್' ಎಂಬ ಹಡಗಿಗೆ ಏರಿಸಿ ಆಸ್ಟ್ರೇಲಿಯಕ್ಕೆ ಸಾಗಿಸಿದರು. ಡಿಸೆಂಬರ್ 17ರಂದು ಸಿಡ್ನಿಯಲ್ಲಿ ಗೆದ್ದದ್ದು ಆಂಡ್ರ್ಯೂ ಕೋವನ್ನರ ಹಿಲ್‌ಮನ್ ಹಂಟರ್. ಅದು ಸಂಸಾರಸ್ಥರ ನಾಲ್ಕು ಬಾಗಿಲಿನ ಕಾರು! ಪೋರ್ಷೆ 911ರಂಥ ಓಟದ ಕುದುರೆ ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಜೀನ್ ಡೆಂಟನ್ ಎಂಬ ಮಹಿಳೆ ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಇಡೀ ದಾರಿಯನ್ನು ಸವೆಸಿ ಸಿಡ್ನಿ ಸೇರಿದರು. ಮುಂದೆ ಆಕೆ ಬ್ರಿಟನ್ನಿನ ಮೇಲ್ಮನೆಯ ಸದಸ್ಯೆಯೂ ಸಚಿವೆಯೂ ಆದರು. ಈ ಎಂಜಿಬಿಯ ಹೆಸರನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಆ ಹೆದ್ದಾರಿಯ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಇಲ್ಲಿಂದ ಪಶ್ಚಿಮಕ್ಕೆ ಕಾರು ಒಯ್ಯುವವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ದುಬಾಯಿಗೆ ಕಳಿಸಿ, ಅಲ್ಲಿಂದ ಕೊಲ್ಲಿ ದಾಟಿಸಿ, ಇರಾನಿನ ಬಂದರ್ ಅಬ್ಬಾಸಿನಲ್ಲಿ ಇಳಿಸಿಕೊಳ್ಳುವ ದಾರಿ ಹಿಡಿದರು.

ಇನ್ನು ಕಾಗದಕ್ಕೆ ಬರೋಣ. ಪರದೇಶದ ಕಾರು ತನ್ನ ನೆಲಕ್ಕೆ ಬಂದರೆ ಆ ದೇಶದ ಸುಂಕದವನಿಗೆ ಒಂದೇ ಚಿಂತೆ: ಇದನ್ನು ಇಲ್ಲಿಯೇ ಮಾರಿ ಹೋದರೆ ನನ್ನ ಆಮದು ಸುಂಕ ಯಾರು ಕೊಡುವವರು? ಕೆಲವು ದೇಶಗಳಲ್ಲಿ ಆ ಸುಂಕ ಕಾರಿನ ಬೆಲೆಯನ್ನೂ ಮೀರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಳೆಯ ಗಾದೆಯೇ ಉಂಟಲ್ಲ! ಅವನಿಗೆ ಬೇಕಾದದ್ದು ಜಾಮೀನು. ಅದಕ್ಕಾಗಿ ಹುಟ್ಟಿದ್ದು 'ಕಾರ್ನೆಟ್' ಎಂಬ ಪುಸ್ತಕ. ಅದರ ಪೂರ್ಣ ಹೆಸರು ಫ್ರೆಂಚಿನದು, ಉದ್ದವಾದದ್ದು, ಅದು ಬೇಡ. ಇಲ್ಲಿಯ ಮೋಟಾರು ಸಂಘ ಅದನ್ನು ಕೊಡುತ್ತದೆ, ಕಾರು ಮರಳುವುದೆಂದು ಲೋಕದ ಸುಂಕದ ಕಟ್ಟೆಗಳಿಗೆಲ್ಲ ಮಾತು ಕೊಡುತ್ತದೆ. ಮೋಟಾರು ಸಂಘಕ್ಕೆ ಬ್ಯಾಂಕು ಮಾತು ಕೊಡುತ್ತದೆ. ಬ್ಯಾಂಕಿಗೆ ಕಾರಿನ ಯಜಮಾನ ಮಾತು ಕೊಡಬೇಕು. ಮಾತಿನಿಂದ ಮಾತಿಗೆ ಕೊಂಡಿ ಬಿದ್ದು, ಕಡೆಗೆ ಎಲ್ಲ ಭಾರವೂ ಯಾವುದೋ ಮನೆಯ ಇಡುಗಂಟಿನ ಮೇಲೆ ಬಂದು ಕೂರುತ್ತದೆ.

ಈ ಪುಸ್ತಕದ ಒಂದೊಂದು ಹಾಳೆಗೂ ಮೂರು ತುಂಡು. ಕಾರು ದೇಶದೊಳಕ್ಕೆ ಬಂದಾಗ ಅಧಿಕಾರಿ ಕೆಳಗಿನ ತುಂಡನ್ನು ಹರಿದಿಟ್ಟುಕೊಂಡು ಮೇಲಿನ ತುಂಡಿಗೆ ಮೊಹರು ಒತ್ತುತ್ತಾನೆ. ಹೊರಕ್ಕೆ ಹೋಗುವಾಗ ನಡುವಣ ತುಂಡನ್ನು ಹರಿದುಕೊಂಡು ಮೇಲಿನದಕ್ಕೆ ಇನ್ನೊಂದು ಮೊಹರು. ಮೇಲಿನ ತುಂಡು ಪುಸ್ತಕದಲ್ಲೇ ಉಳಿಯುತ್ತದೆ. ಅದರಲ್ಲಿ ಬಂದ ಮೊಹರೂ ಹೋದ ಮೊಹರೂ ಎರಡೂ ಇದ್ದರೆ ಲೆಕ್ಕ ಚುಕ್ತ. ಹೋದ ಮೊಹರು ಇಲ್ಲದಿದ್ದರೆ, ಕಾರು ನಿಮ್ಮ ಮನೆಯ ಮುಂದೆಯೇ ನಿಂತಿದ್ದರೂ ಕಾಗದದಲ್ಲಿ ಅದು ಇನ್ನೂ ಆ ದೇಶದಲ್ಲೇ ಇದೆ, ಸುಂಕ ಕೇಳಬಹುದು. ಪುಸ್ತಕದ ಆಯುಸ್ಸು ಒಂದು ವರ್ಷ. ಯೂರೋಪಿನ ಹೆಚ್ಚಿನ ದೇಶಗಳು ಇದನ್ನು ಕೇಳುವುದಿಲ್ಲ. ಇರಾನಿನಂಥ ದೇಶಗಳು ಇದಿಲ್ಲದೆ ಗಾಲಿ ಉರುಳಿಸಗೊಡುವುದಿಲ್ಲ.

2018ರಲ್ಲಿ ನಾವು ಶಾಖೆಯ ಗ್ಯಾರಂಟಿ ಮೇಜಿನಲ್ಲಿದ್ದಾಗ ಧಾರವಾಡದ ಕಡೆಯ ಹಿರಿಯರೊಬ್ಬರು ಇಂಥ ಜಾಮೀನು ಕೇಳಿ ಬಂದರು. ಹೆಸರು ಹೇಳುವುದು ನಮ್ಮ ವೃತ್ತಿಗೆ ಸಲ್ಲದು. ಅವರ ಬಳಿ ಇದ್ದದ್ದು ಮೇಲೆ ಹೇಳಿದ ಆ ಎಂಜಿಬಿ. ಹಿಂದೆ ದಿಲ್ಲಿಯ ರಾಯಭಾರ ಕಚೇರಿಯವರು ಬಿಟ್ಟುಹೋಗುತ್ತಿದ್ದ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತಲ್ಲ, ಹಾಗೆ ಮಾವನವರ ಕೈಗೆ ಬಂದು ಇವರಿಗೆ ಇಳಿದದ್ದು. ಎರಡೇ ಆಸನ, 1798 ಸಿಸಿಯ ಎಂಜಿನ್, ನೆಲಕ್ಕೂ ಹೊಟ್ಟೆಗೂ ಸುಮಾರು 5 ಅಂಗುಲ. ಅದು ಹುಟ್ಟಿದ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆ 1980ರಲ್ಲೇ ಮುಚ್ಚಿದೆ. ಆದರೂ ಕಾರನ್ನು ಒಮ್ಮೆ ಆ ಊರಿಗೆ ಒಯ್ಯಬೇಕೆಂಬುದು ಇವರ ಹಟ. ಊರು ಬಿಟ್ಟವನಿಗೆ ಹುಟ್ಟಿದೂರು ಏನೆಂದು ನಿಮಗೆ ಬೇರೆ ಹೇಳಬೇಕೇ, ಎಂದು ನಮ್ಮನ್ನೇ ಕೇಳಿದರು.

ಇಲ್ಲೊಂದು ವಿಚಿತ್ರ. ನಾವು ಕಲಿತ ಸವಕಳಿ ಲೆಕ್ಕದಲ್ಲಿ ಅಂಥ ಹಳೆಯ ಕಾರಿನ ಬೆಲೆ ಎಂದೋ ಸೊನ್ನೆಗೆ ಇಳಿದಿರುತ್ತದೆ. ಸುಂಕದ ಲೆಕ್ಕದಲ್ಲೋ ಪೇಟೆಯ ಬೆಲೆಯೇ ಬೆಲೆ. ಹವ್ಯಾಸಿಗಳು ಹುಡುಕಿ ಕೊಳ್ಳುವ ಹಳೆಯ ಸ್ಪೋರ್ಟ್ಸ್ ಕಾರಿಗೆ ವರ್ಷ ಕಳೆದಂತೆ ಅದು ಏರುತ್ತದೆ. ಹಾಗಾಗಿ ಜಾಮೀನಿನ ಮೊಬಲಗು ಇವರು ಎಣಿಸಿದ್ದಕ್ಕಿಂತ ಬಹಳ ಮೇಲೆ ನಿಂತಿತು. ಬ್ಯಾಂಕು ಅಷ್ಟಕ್ಕೂ ಇಡುಗಂಟಿನ ಆಧಾರ ಕೇಳಿತು. ಇದ್ದದ್ದು ಒಂದೇ ಇಡುಗಂಟು, ಗಂಡಹೆಂಡಿರ ಜಂಟಿ ಹೆಸರಿನದು, ಮಗಳ ಮದುವೆಗೆಂದು ಕೂಡಿಟ್ಟದ್ದು. ಆ ತಾಯಿಯ ರುಜು ಇಲ್ಲದೆ ಆಗುವಂತಿಲ್ಲ.

ಆಕೆ ಮರುದಿನ ಬಂದರು. ಕಾಗದವನ್ನು ಪೂರ್ತಿ ಓದಿದರು. ಗಿರಾಕಿಗಳಲ್ಲಿ ಹಾಗೆ ಓದುವವರು ಅಪರೂಪ. "ಕೇಳಿದೊಡನೆ, ಯಾವ ಆಕ್ಷೇಪಣೆಯೂ ಇಲ್ಲದೆ" ಹಣ ಕೊಡತಕ್ಕದ್ದೆಂಬ ಮಾತಿನ ಮೇಲೆ ಬೆರಳಿಟ್ಟು, "ತಪ್ಪು ಯಾರದು ಅಂತ ಬ್ಯಾಂಕು ಕೇಳೂದಿಲ್ಲೇನು?" ಎಂದರು. ಕೇಳುವುದಿಲ್ಲ ತಾಯಿ, ಎಂದೆವು. "ಕಾರು ನಡುದಾರ್ಯಾಗ ಕೆಟ್ಟು ನಿಂತು, ಇವರು ವಿಮಾನ ಹತ್ತಿ ಬಂದರ?" ಕೆಟ್ಟರೂ ಸರಿ, ಅದನ್ನು ಹೊತ್ತಾದರೂ ಹೊರಕ್ಕೆ ತರಬೇಕು, ಇಲ್ಲವೆ ಅಲ್ಲಿಯ ಸುಂಕದವರ ಕಣ್ಣೆದುರಿಗೇ ನಾಶಮಾಡಿ ಪತ್ರ ಪಡೆಯಬೇಕು, ಎಂದು ವಿವರಿಸಿದೆವು. ಪುಸ್ತಕದ ಮೂರು ತುಂಡುಗಳನ್ನೂ ಚೀಟಿಯ ಮೇಲೆ ಗೀಚಿ ತೋರಿಸಿದೆವು. ಆಕೆ ಆ ಚೀಟಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, "ಹಂಗಾದರ ಇನ್ನೊಂದು ಸೀಟು ನಂದು," ಎಂದು ರುಜು ಹಾಕಿದರು. ಹಿರಿಯರು ಆ ಸೀಟನ್ನು ಬಿಡಿಭಾಗಗಳಿಗೆಂದು ಇಟ್ಟಿದ್ದರಂತೆ!

ಉಳಿದ ಕಾಗದಗಳು ಬೇಗ ಮುಗಿದವು. ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಕಾರಿನ ಹಿಂದೆ 'ಐಎನ್‌ಡಿ' ಎಂಬ ಗುರುತು. ನಮ್ಮ ವಿಮೆ ಅಲ್ಲಿ ನಡೆಯದು, ಗಡಿಗಳಲ್ಲೇ ಕೊಳ್ಳಬೇಕು. ಹಣದ್ದು ಮಾತ್ರ ಸ್ವಾರಸ್ಯ. ಪ್ರವಾಸಿಗೆ ನೋಟಿನ ರೂಪದಲ್ಲಿ ಇಷ್ಟೇ ಡಾಲರ್ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಮಿತಿಯುಂಟು. ಆದರೆ ಇರಾನಿಗೆ ಹೋಗುವವರಿಗೆ ಪೂರ್ತಿ ಮೊತ್ತವನ್ನೂ ನೋಟಿನಲ್ಲೇ ಕೊಡುವ ರಿಯಾಯಿತಿ ಇತ್ತು. ನಿರ್ಬಂಧಗಳ ದೆಸೆಯಿಂದ ಅಲ್ಲಿ ನಮ್ಮ ಯಾವ ಕಾರ್ಡೂ ನಡೆಯುತ್ತಿರಲಿಲ್ಲ. ಅಷ್ಟು ನೋಟನ್ನು ಎಲ್ಲಿಟ್ಟುಕೊಂಡಿದ್ದರೆಂದು ಆಕೆ ಇಂದಿಗೂ ಹೇಳಿಲ್ಲ.

ಪ್ರಯಾಣದ ವೃತ್ತಾಂತವನ್ನು ಅವರ ಬಾಯಿಂದಲೇ ಕೇಳಿದೆವು. ಎಂಜಿನ್ ದಣಿಯಲಿಲ್ಲ. ಪೆಟ್ರೋಲ್ ಪಂಪು ಮಾತ್ರ ಆಗಾಗ ಮುನಿಯುತ್ತಿತ್ತು. ಆ ಕಾಲದ ಇಂಗ್ಲಿಷ್ ಕಾರುಗಳ ವಿದ್ಯುತ್ ಪಂಪಿಗೆ ಒಂದು ಪೆಟ್ಟು ಕೊಟ್ಟರೆ ಮತ್ತೆ ಟಿಕ್ ಟಿಕ್ ಎನ್ನುತ್ತದೆಂಬುದು ಲೋಕಪ್ರಸಿದ್ಧ; ಇವರು ಅದಕ್ಕೆ ಧಾರವಾಡದಿಂದ ಒಯ್ದ ಲಟ್ಟಣಿಗೆಯನ್ನು ಬಳಸಿದರು. ಕಾರಿನ ಹಿಂದೆ ಕನ್ನಡದಲ್ಲಿ ಊರಿನ ಹೆಸರು ಬರೆಸಿದ್ದರು. ತುರ್ಕಿಯ ಎರ್ಜುರುಮಿನಲ್ಲಿ ಚಹಾದಂಗಡಿಯ ಹುಡುಗನೊಬ್ಬ ಅದನ್ನು ಬೆರಳಿನಿಂದ ತಿದ್ದಿ ನೋಡಿ, ಇದು ಚಿತ್ರವೋ ಅಕ್ಷರವೋ ಎಂದು ಸನ್ನೆಯಲ್ಲಿ ಕೇಳಿದನಂತೆ. ಆಕೆ ಅವನ ಹೆಸರನ್ನೂ ಅದರ ಪಕ್ಕದಲ್ಲೇ ಧೂಳಿನ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರು.

ಕಷ್ಟ ಬಂದದ್ದು ಒಂದು ಗಡಿಯಲ್ಲಿ; ಯಾವ ದೇಶದ್ದೆಂಬುದು ಬೇಡ. ಸಂಜೆಯ ಹೊತ್ತು, ಲಾರಿಗಳ ಸಾಲು, ಅಧಿಕಾರಿಗೆ ಅವಸರ. ನಡುವಣ ತುಂಡನ್ನು ಹರಿದುಕೊಂಡು ಪುಸ್ತಕವನ್ನು ಹಿಂದಕ್ಕೆ ಕೊಟ್ಟ, ಸರಳು ಮೇಲೆದ್ದಿತು. ಎರಡು ದೇಶಗಳ ಕಟ್ಟೆಗಳ ನಡುವೆ ಯಾರದೂ ಅಲ್ಲದ ನೆಲವೊಂದು ಉಂಟಷ್ಟೆ? ಅಲ್ಲಿ ಕಾರು ತೆವಳುತ್ತಿರುವಾಗ ಆಕೆ ನಮ್ಮ ಚೀಟಿಯನ್ನು ತೆಗೆದು, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ ಹೋಲಿಸಿದರು. ಬಂದ ಮೊಹರು ಇದೆ. ಹೋದ ಮೊಹರು ಇಲ್ಲ. "ನಿಲ್ಲಿಸ್ರಿ" ಎಂದರು. ಮುಂದೆ ಹೋಗೋಣ, ನೋಡಿಕೊಂಡರಾಯಿತು ಎಂದು ಹಿರಿಯರು. ಹಿಂದೆ ಹತ್ತಾರು ಲಾರಿಗಳ ಹಾರನ್ನು. ಆಕೆ ಬಾಗಿಲು ತೆರೆದು ಇಳಿದು, ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಕ್ಕೆ ನಡೆದೇಬಿಟ್ಟರು. ಅಷ್ಟರಲ್ಲಿ ಪಾಳಿ ಬದಲಾಗಿತ್ತು. ಹೊಸ ಅಧಿಕಾರಿ ತಾನು ಕಾಣದ ಕಾರಿಗೆ ಮೊಹರು ಹಾಕೆನೆಂದ. ಅವನ ಮಾತೂ ನ್ಯಾಯವೇ. ಹಳಬ ಬರುವುದು ಬೆಳಿಗ್ಗೆ. ಇಬ್ಬರೂ ಬಟ್ಟೆಯ ಮಾಡನ್ನು ಎಳೆದುಕೊಂಡು, ಮಲಗಲು ಬಾರದ ಆ ಎರಡು ಆಸನಗಳಲ್ಲಿ ರಾತ್ರಿ ಕಳೆದರು. ಹೊರಗೆ ಹಿಮದ ಗಾಳಿ. ಮಗಳಿಗೆ ಫೋನು ಮಾಡಲು ಗಂಡ ಎರಡು ಸಲ ಹೊರಟರೂ ಹೆಂಡತಿ ಬಿಡಲಿಲ್ಲ. ಹುಡುಗಿಗೆ ಯಾಕೆ ಚಿಂತೆ ಎಂದು. ಬೆಳಿಗ್ಗೆ ಹಳಬ ಬಂದು, ಹರಿದ ತುಂಡನ್ನು ತನ್ನ ಕಟ್ಟಿನಿಂದ ಹುಡುಕಿ ತೆಗೆದು, ಪುಸ್ತಕಕ್ಕೆ ಜೋಡಿಸಿ ನೋಡಿ ಮೊಹರು ಒತ್ತಿದ. ಚಹಾವನ್ನೂ ಕುಡಿಸಿದನಂತೆ.

ಆ್ಯಬಿಂಗ್ಡನ್ನಿನಲ್ಲಿ ಇವರು ನಿಂತದ್ದು ಒಂದೇ ಹಗಲು. ಕಾರು ಅಲ್ಲಿಂದ ಹಡಗಿನಲ್ಲಿ ಬಂತು, ಇವರು ವಿಮಾನದಲ್ಲಿ. ಇಲ್ಲಿಯ ಸುಂಕದವರು ಚಾಸಿಸ್ ನಂಬರು, ಎಂಜಿನ್ ನಂಬರು ತಾಳೆ ನೋಡಿ, ಹೋದ ಕಾರೇ ಬಂದಿದೆಯೆಂದು ಕೊನೆಯ ಮೊಹರು ಹಾಕಿದರು. ಹನ್ನೊಂದನೆಯ ತಿಂಗಳಲ್ಲಿ ಪುಸ್ತಕ ಮೋಟಾರು ಸಂಘಕ್ಕೆ ಮರಳಿತು. ಅವರು ಹಾಳೆ ಹಾಳೆಯನ್ನೂ ನೋಡಿ, ನಮ್ಮ ಗ್ಯಾರಂಟಿ ಪತ್ರವನ್ನು ಹಿಂದಕ್ಕೆ ಕಳಿಸಿದರು. ನಾವು ಅದರ ಮೇಲೆ ಅಡ್ಡಗೆರೆ ಎಳೆದು ಇಡುಗಂಟಿನ ಮೇಲಿನ ಹಿಡಿತವನ್ನು ತೆಗೆದೆವು.

ಮಗಳ ಮದುವೆ ಮರುವರ್ಷ ಹುಬ್ಬಳ್ಳಿಯಲ್ಲಿ ಆಯಿತು. ಇಡುಗಂಟು ಮುರಿಯುವ ಕಾಗದಕ್ಕೆ ರುಜು ಹಾಕಲು ಬಂದಾಗಲೂ ಆಕೆ ಅದನ್ನು ಪೂರ್ತಿ ಓದಿದರು.